ಫ್ರೇಮಿನ ಅಂಚಿನಲ್ಲಿದ್ದ ಹುಡುಗ

ಗುರುವಾರ ರಾತ್ರಿ ಒಂಬತ್ತರ ಮೇಲೆ ಬಂದ ಕರೆ ಅದು. “ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಮ್ಯಾಚ್ ಇದೆ ಸಾರ್, ಹದಿನಾಲ್ಕು ವರ್ಷದ ಒಳಗಿನವರದ್ದು. ನಮ್ಮ ಹುಡುಗ ಓಪನರ್. ನಲವತ್ತು ಫೋಟೊ ಬೇಕು, ಮಂಗಳವಾರದ ಒಳಗೆ. ಬೇರೆ ಹುಡುಗರದ್ದು ಬೇಡ, ನಮ್ಮವನದ್ದು ಮಾತ್ರ.” ದನಿಯಲ್ಲಿ ಅಹಂಕಾರವಿರಲಿಲ್ಲ. ಮಗನಿಗಾಗಿ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಬೇಕೆಂಬ ತಂದೆಯ ದನಿ ಅದು. ನಾನು ದರ ಹೇಳಿದೆ. ಅವರು ಚೌಕಾಶಿ ಮಾಡಲಿಲ್ಲ. ಅಷ್ಟಕ್ಕೇ ನನಗೆ ಸಂತೋಷವಾಗಿತ್ತು.

ಪತ್ರಿಕೆಗಳ ಭಾಷೆಯಲ್ಲಿ ನನ್ನಂಥವರನ್ನು ‘ಹವ್ಯಾಸಿ ಛಾಯಾಗ್ರಾಹಕ’ ಎನ್ನುವ ರೂಢಿಯಿದೆ. ಈ ಪದವನ್ನು ಯಾರು ಬಳಕೆಗೆ ತಂದರೋ ಅವರಿಗೆ ತಿಂಗಳ ಕೊನೆಯ ವಾರದ ಅನುಭವ ಇರಲಿಲ್ಲವೆಂದು ತೋರುತ್ತದೆ. ಇದು ಹವ್ಯಾಸವಲ್ಲ, ಹೊಟ್ಟೆಪಾಡು. ಯಾವ ಪತ್ರಿಕೆಯ ಸಂಬಳಪಟ್ಟಿಯಲ್ಲೂ ಹೆಸರಿಲ್ಲ ಎಂಬುದಷ್ಟೇ ಅದರ ಅರ್ಥ. ನಾನು ಈ ಕಸುಬಿಗೆ ಇಳಿದ ಕಾಲದಲ್ಲಿ ಡಿವಿಷನ್ ಲೀಗ್ ಪಂದ್ಯಗಳ ಚಿತ್ರಗಳನ್ನು ಪತ್ರಿಕೆಯವರು ಕೊಳ್ಳುತ್ತಿದ್ದರು. ಹಣ ಸ್ವಲ್ಪವೇ, ಆದರೆ ಚಿತ್ರದ ಕೆಳಗೆ ಹೆಸರು ಬರುತ್ತಿತ್ತು. ಈಗ ನನಗೆ ಕ್ರೀಡೆಯ ಕೆಲಸ ಕೊಡುವವರು ಸಂಪಾದಕರಲ್ಲ, ತಂದೆ ತಾಯಂದಿರು. ಅಕಾಡೆಮಿಗೆ ಸೇರಿಸಲು, ಆಯ್ಕೆದಾರರ ಕಣ್ಣಿಗೆ ಬೀಳಿಸಲು, ಮನೆಯವರ ಮೊಬೈಲುಗಳಲ್ಲಿ ಹಂಚಿಕೊಳ್ಳಲು ಅವರಿಗೆ ಚಿತ್ರಗಳು ಬೇಕು. ಉಳಿದ ದಿನಗಳಲ್ಲಿ ನಾನು ಭಾವಚಿತ್ರಗಳನ್ನು ತೆಗೆಯುತ್ತೇನೆ. ಓಡುವವರಿಂದ ಬಾಡಿಗೆ, ಕೂತವರಿಂದ ಊಟ ಎಂದು ನನ್ನ ಹೆಂಡತಿ ತಮಾಷೆ ಮಾಡುವುದುಂಟು. ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇದೆ.

ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಮೈದಾನದಲ್ಲಿದ್ದೆ. ಬಸವನಗುಡಿಯ ಹುಡುಗರಿಗೆ ಕ್ರಿಕೆಟ್ ಮೈದಾನ ಎರಡನೆಯ ಶಾಲೆಯಿದ್ದಂತೆ. ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರ ಹೆಸರು ಹೇಳದೆ ಅಲ್ಲಿ ಯಾವ ತರಬೇತುದಾರರ ಮಾತೂ ಮುಗಿಯುವುದಿಲ್ಲ. ಓದುಗರಿಗೆ ನೆನಪಿರಬಹುದು: 2002ರಲ್ಲಿ ಆಂಟಿಗಾದ ಟೆಸ್ಟ್ ಪಂದ್ಯದಲ್ಲಿ ದವಡೆ ಮುರಿದಿದ್ದರೂ ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ ಕುಂಬ್ಳೆ, ಸತತವಾಗಿ 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಆ ದಿನದ ಚಿತ್ರ ಕ್ರೀಡಾಚಿತ್ರವೋ ಭಾವಚಿತ್ರವೋ ಎಂದು ನನ್ನನ್ನು ಕೇಳಿದರೆ ಉತ್ತರಿಸಲಾರೆ. ಆ ಪಂದ್ಯ ಡ್ರಾ ಆಯಿತೆಂಬುದನ್ನು ಮರೆತವರೂ ಆ ಮುಖವನ್ನು ಮರೆತಿಲ್ಲ. ಕುಂಬ್ಳೆಯವರಿಗೂ ಕ್ಯಾಮೆರಾದ ಗೀಳು ಇತ್ತೆಂಬುದು ಅಷ್ಟು ಪ್ರಚಾರದಲ್ಲಿಲ್ಲ. ಆಟದ ದಿನಗಳಲ್ಲಿ ತಾವೇ ತೆಗೆದ ಚಿತ್ರಗಳನ್ನು ಅವರು 2010ರಲ್ಲಿ ‘ವೈಡ್ ಆ್ಯಂಗಲ್’ ಎಂಬ ಪುಸ್ತಕವಾಗಿ ತಂದರು. ನಮ್ಮಂಥವರಿಗೆ ಪ್ರವೇಶವೇ ಇಲ್ಲದ ಡ್ರೆಸ್ಸಿಂಗ್ ರೂಮಿನಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದ ಅವರ ಬಗ್ಗೆ ನನಗೆ ಸಣ್ಣ ಹೊಟ್ಟೆಕಿಚ್ಚು ಇದೆಯೆಂದು ಒಪ್ಪಿಕೊಳ್ಳುತ್ತೇನೆ.

ಬಲಗೈ ಬ್ಯಾಟುಗಾರನ ಮುಖ ಸಿಗಬೇಕಾದರೆ ಲಾಂಗ್ ಆಫ್ ಬೌಂಡರಿಯ ಬಳಿ ಕೂರಬೇಕು. ಬಾಡಿಗೆಗೆ ತಂದ 400 ಮಿ.ಮೀ. ಲೆನ್ಸನ್ನು ಒಂಟಿಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಕೂತೆ. ಆ ಲೆನ್ಸನ್ನು ಕೊಳ್ಳುವ ಹಣದಲ್ಲಿ ಒಂದು ಕಾರು ಬರುತ್ತದೆ. ಕಾರೂ ಇಲ್ಲದ ನನಗೆ ಬಾಡಿಗೆಯೇ ದಾರಿ. ಇಷ್ಟು ಉದ್ದದ ಲೆನ್ಸಿಗೆ ಒಂದು ಸ್ವಭಾವವಿದೆ. ಯಾರ ಮೇಲೆ ನಾಭಿ ನಿಲ್ಲಿಸುತ್ತೇವೋ ಅವರೊಬ್ಬರೇ ಲೋಕದಲ್ಲಿದ್ದಾರೆ ಎಂಬಂತೆ ತೋರಿಸುತ್ತದೆ. ಮುಂದಿರುವವರೂ ಹಿಂದಿರುವವರೂ ಬಣ್ಣದ ಮಸುಕಾಗಿ ಕರಗಿಹೋಗುತ್ತಾರೆ. ತಂದೆಯವರು ಕೇಳಿದ್ದೂ ಅದನ್ನೇ ಅಲ್ಲವೆ?

ಅವರ ಮಗ ಚೆನ್ನಾಗಿ ಆಡುವ ಹುಡುಗನೇ. ಮುಂದೆ ಬಂದು ತಡೆಯುವಾಗ ಮೊಣಕೈ ಎತ್ತರದಲ್ಲಿರುತ್ತಿತ್ತು, ತಲೆ ಚೆಂಡಿನ ಮೇಲಿರುತ್ತಿತ್ತು. ಹನ್ನೊಂದು ರನ್ ಮಾಡಿದ್ದಾಗ ಎಡಗೈ ಸ್ಪಿನ್ನರ್ ಒಬ್ಬ ಬಂದ. ಪೀಚಲು ಹುಡುಗ, ಯಾರೋ ದೊಡ್ಡವರ ಟೋಪಿ ಕಿವಿಯವರೆಗೆ ಇಳಿದಿತ್ತು, ಪ್ಯಾಂಟು ಗೇಣಿನಷ್ಟು ಮೇಲಿತ್ತು. ಮೂರನೆಯ ಚೆಂಡಿಗೆ ನಮ್ಮ ಹುಡುಗನ ಆಫ್ ಸ್ಟಂಪ್ ವಾಲಿತು.

ಅಲ್ಲಿಗೆ ನನ್ನ ಕೆಲಸ ಅರ್ಧ ಮುಗಿದಂತೆ. ಇನ್ನುಳಿದದ್ದು ಅವನ ಫೀಲ್ಡಿಂಗ್. ಚಹಾ ಕುಡಿದು ಬರಬಹುದಿತ್ತು. ಆದರೆ ಮೈದಾನದ ಛಾಯಾಗ್ರಾಹಕನಿಗೆ ಒಂದು ಚಟವಿರುತ್ತದೆ. ಕಣ್ಣು ಕರೆದ ಕಡೆ ಕಾಲು ಹೋಗುತ್ತದೆ. ಬೌಂಡರಿಯ ಗುಂಟ ಸುತ್ತಿ ಹೋಗಿ ಇನ್ನೊಂದು ತುದಿಯಲ್ಲಿ, ಆ ಸ್ಪಿನ್ನರನ ಮುಖ ಕಾಣುವಲ್ಲಿ ಕೂತೆ. ಚೆಂಡು ಬಿಡುವ ಕ್ಷಣದಲ್ಲಿ ಅವನ ನಾಲಿಗೆ ತುಟಿಯ ಎಡಮೂಲೆಯಿಂದ ಹೊರಗೆ ಇಣುಕುತ್ತಿತ್ತು. ಚೆಂಡು ಬ್ಯಾಟಿಗೆ ತಾಗುವ ಮೊದಲೇ ಅದು ಏನಾಗುವುದೆಂದು ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದು ಮುಖದಲ್ಲಿ ಕಾಣುತ್ತಿತ್ತು. ಅರ್ಧ ಗಂಟೆ ಅವನನ್ನೇ ಹಿಡಿದೆ. ಒಟ್ಟು ಐದು ವಿಕೆಟ್ ತೆಗೆದ. ಐದನೆಯದಕ್ಕೆ ಅವನು ಕುಣಿಯಲಿಲ್ಲ, ಕೂಗಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತುಬಿಟ್ಟ. ಬಹಳ ವರ್ಷಗಳಲ್ಲಿ ನಾನು ತೆಗೆದ ಒಳ್ಳೆಯ ಚಿತ್ರಗಳಲ್ಲಿ ಅದೊಂದು ಎಂದು ಆಗಲೇ ಅನ್ನಿಸಿತ್ತು.

ಅಂದು ಒಟ್ಟು 1,160 ಚಿತ್ರ ತೆಗೆದಿದ್ದೆ. ಫಿಲ್ಮಿನ ಕಾಲದಲ್ಲಾದರೆ ಅದು 32 ರೋಲು ದಾಟುತ್ತಿತ್ತು. ಅಷ್ಟು ರೋಲು ನನಗೆ ಒಂದು ಇಡೀ ಋತುವಿಗೆ ಸಾಕಾಗುತ್ತಿತ್ತು. ಮಂಗಳವಾರ ನಲವತ್ತನ್ನು ಆರಿಸಿ, ತಿದ್ದಿ, ಕಳುಹಿಸಿದೆ. ತಂದೆಯವರು ಆ ರಾತ್ರಿಯೇ ಹಣ ಹಾಕಿದರು. ಶುಕ್ರವಾರ ಮಲ್ಲೇಶ್ವರದಲ್ಲಿ ಕೆಲಸವಿತ್ತು, ಕಾರ್ಡ್ ಖಾಲಿ ಬೇಕಿತ್ತು. ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಕೊಟ್ಟ ನಲವತ್ತನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿದೆ. ಪ್ರತಿ ವಾರ ಮಾಡುವ ಕೆಲಸ; ಪಾತ್ರೆ ತೊಳೆದಷ್ಟೇ ಸಹಜ.

ಮಲ್ಲೇಶ್ವರದ ಕೆಲಸ ಭಾವಚಿತ್ರದ್ದು. ಎಂಬತ್ತೆರಡು ವರ್ಷದ ಹಿರಿಯರೊಬ್ಬರು ಸ್ವತಃ ಫೋನ್ ಮಾಡಿ ಕರೆಸಿಕೊಂಡಿದ್ದರು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಎರಡನ್ನೂ ಗಾಳಿ ಬೆಳಕು ಧಾರಾಳವಾಗಿ ಆಡುವಂತೆ ಬಡಾವಣೆ ಮಾಡಿದರು ಎಂಬುದು ಇತಿಹಾಸ. ಅದರ ಲಾಭ ನಮ್ಮ ವೃತ್ತಿಗೆ ಆಗಿದ್ದನ್ನು ಯಾರೂ ಬರೆದಂತಿಲ್ಲ. ಹಳೆಯ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೀಳುವ ಬೆಳಕಿಗೆ ಸಮನಾದದ್ದನ್ನು ನಾನು ಯಾವ ಸ್ಟುಡಿಯೊದಲ್ಲೂ ಕಂಡಿಲ್ಲ. ಅಂಥ ಮನೆಯೊಂದು ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗಲೆಲ್ಲ ನಾನು ಮೊದಲು ಲೆಕ್ಕ ಹಾಕುವುದು ಹೋದ ಜಗಲಿಯನ್ನು.

“ಅಮ್ಮಾ, ಯಾವುದಕ್ಕೆ ಫೋಟೊ?” ಎಂದು ಕೇಳಿದೆ. ಪಾಸ್‌ಪೋರ್ಟಿಗೋ ಮೊಮ್ಮಗಳ ಮದುವೆಗೋ ಇರಬಹುದೆಂಬ ಎಣಿಕೆ. ಅವರು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, “ಪೇಪರಿಗೆ ಕಣಪ್ಪ” ಎಂದರು. “ನಮ್ಮ ಯಜಮಾನರು ಹೋದಾಗ ಆತುರಕ್ಕೆ ಸಿಕ್ಕಿದ್ದು ಯಾವುದೋ ಮದುವೆ ಗುಂಪಿನಿಂದ ಕತ್ತರಿಸಿದ ಫೋಟೊ. ಪಕ್ಕದವರ ಭುಜ ಬೇರೆ ಇತ್ತು ಅದರಲ್ಲಿ. ನನ್ನದು ಹಾಗಾಗಬಾರದು. ಅದು ಬಂದ ದಿನ ನಾನಂತೂ ನೋಡಲ್ಲ. ಅದಕ್ಕೇ ಈಗಲೇ ನೋಡಿಬಿಡ್ತೀನಿ.”

ಅವರ ಮಗಳು ಅಮೆರಿಕದಿಂದ ವೀಡಿಯೊ ಕರೆಯಲ್ಲಿದ್ದರು. ಸುಕ್ಕುಗಳನ್ನು ಸ್ವಲ್ಪ ತಿದ್ದಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. “ಸುಕ್ಕು ತೆಗೆದರೆ ಯಾರು ಹೋದ್ರು ಅಂತ ಜನಕ್ಕೆ ಗೊತ್ತಾಗೋದು ಹೇಗೆ?” ಎಂದು ತಾಯಿ ಕನ್ನಡದಲ್ಲಿ ಉತ್ತರಿಸಿದರು. ಆದರೂ ಕ್ಯಾಮೆರಾದ ಎದುರು ಅವರು ಬಿಗಿದುಕೊಂಡರು. ಐವತ್ತು ಚಿತ್ರಗಳು ಹಾಗೆಯೇ ವ್ಯರ್ಥವಾದವು. ಮಾತಿಗೆ ಮಾತು ಬಂದು ಕಾಲೇಜಿನಲ್ಲಿ ಟೆನ್ನಿಕಾಯಿಟ್ ಆಡುತ್ತಿದ್ದರೆಂದು ತಿಳಿಯಿತು. ರಬ್ಬರಿನ ಬಳೆಯನ್ನು ಹೇಗೆ ಎಸೆಯುತ್ತಿದ್ದಿರಿ ಎಂದು ಕೇಳಿದೆ. ಮಾತಿಗಿಂತ ಮೊದಲು ಮಣಿಕಟ್ಟು ತಿರುಗಿತು; ಗಲ್ಲ ಮೇಲೆದ್ದಿತು; ಕಣ್ಣು ನನ್ನ ಬಲಭುಜದ ಆಚೆಗೆ, ಎದುರಾಳಿ ಇಲ್ಲದ ಜಾಗಕ್ಕೆ ಹೋಯಿತು. ಆ ಚಿತ್ರವನ್ನೇ ಅವರು ಆರಿಸಿದರು. ಪತ್ರಿಕೆಯಲ್ಲಿ ಒಂದು ದಿನ ಅದನ್ನು ನೋಡುವವರಿಗೆ, ಈಕೆ ಆಟವಾಡುತ್ತಿದ್ದಾರೆಂದು ತಿಳಿಯಲಾರದು. ತಿಳಿಯದಿದ್ದರೂ ಪರವಾಗಿಲ್ಲ.

ಮರಳುವಾಗ ಕೆನರಾ ಯೂನಿಯನ್ ದಾರಿಯಲ್ಲಿ ಬಂದೆ. ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಕಲಿತದ್ದು ಅಲ್ಲಿನ ಮದುವೆ ಹಾಲ್‌ನಲ್ಲಿ. ಮದುವೆ ಮುಂಜಿಗಳಿದ್ದ ದಿನ ಆಟವಿಲ್ಲ. ಹಾಲ್ ಖಾಲಿಯಾಗುವುದನ್ನೇ ಕಾಯುತ್ತಿದ್ದೆವು ಎಂದು ಅವರೇ ಹೇಳಿದ್ದಾರೆ. 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಲಿಯಮ್ ಸ್ವಿ ಕಿಂಗ್ ಅವರನ್ನು ಸೋಲಿಸಿದ ಆಟಗಾರ ತಯಾರಾದದ್ದು ಹಾಗೆ. ನನ್ನ ಕಲ್ಪನೆಗೆ ಬಂದದ್ದು ಬೇರೊಂದು ದೃಶ್ಯ. ಮದುವೆಯ ದಿನ ಹಾಲ್ ತುಂಬ ಫ್ಲಾಶ್ ಮಿನುಗಿಸುತ್ತ ಓಡಾಡುವ ಛಾಯಾಗ್ರಾಹಕ. ಬಾಗಿಲಾಚೆ ರ‍್ಯಾಕೆಟ್ ಹಿಡಿದು ಕಾಯುತ್ತಿರುವ ಒಬ್ಬ ಹುಡುಗ. ಛಾಯಾಗ್ರಾಹಕ ಆ ಕಡೆ ತಿರುಗಲಾರ. ಅವನಿಗೆ ಹಣ ಕೊಟ್ಟವರು ವಧುವಿನ ಕಡೆಯವರು. ಆಗ ಇದನ್ನು ನೆನೆದು ನಕ್ಕಿದ್ದೆ.

ಭಾವಚಿತ್ರದ ವಿಷಯದಲ್ಲಿ ನಮ್ಮ ಊರಿನ ಪರಂಪರೆ ಬಡವಾದದ್ದಲ್ಲ. ಕನ್ನಡದ ಲೇಖಕರು ನಮಗೆ ಮುಖತಃ ಪರಿಚಿತರಾಗಿರುವುದಕ್ಕೆ ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರಂಥವರು ವರ್ಷಗಟ್ಟಲೆ ಪಟ್ಟ ಶ್ರಮ ಕಾರಣ. ಅದಕ್ಕೂ ಹಿಂದಿನವರು ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದ ಸತ್ಯನ್ 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಸೇರಿದರು. ಆಮೇಲೆ ಬಹುಕಾಲ ಸ್ವತಂತ್ರವಾಗಿಯೇ ದುಡಿದರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳಲ್ಲಿ ರಾಷ್ಟ್ರನಾಯಕರಿದ್ದಾರೆ. ಅವರಿಗಿಂತ ಹೆಚ್ಚಾಗಿ ಯಾರೂ ತೆಗೆಯಿರೆಂದು ಕೇಳದ, ಯಾರೂ ಹಣ ಕೊಡದ ಜನರಿದ್ದಾರೆ. ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ ಬರುತ್ತಿದ್ದ ಕಾಲ ಅದು. ಹನ್ನೆರಡರಲ್ಲಿ ಒಂದನ್ನು ದಾರಿಹೋಕನಿಗೆ ಕೊಡುವುದೆಂದರೆ ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡ ಮಾತು, ತೆಗೆದ ನೆಗೆಟಿವನ್ನು ಜೋಪಾನವಾಗಿ ಕಾಪಾಡಿದ್ದು.

ಈ ಮಾತಿನ ತೂಕ ನನಗೆ ಗೊತ್ತಾದದ್ದು ಅದರ ಮುಂದಿನ ವಾರ, ಚಾಮರಾಜಪೇಟೆಯಲ್ಲಿ.

ಅಲ್ಲಿನ ಗರಡಿಮನೆಯೊಂದರ ಉಸ್ತಾದರಿಗೆ ಶಿಷ್ಯರು ಸನ್ಮಾನ ಇಟ್ಟುಕೊಂಡಿದ್ದರು. ಆಹ್ವಾನ ಪತ್ರಿಕೆಗೂ ಬ್ಯಾನರಿಗೂ ಒಂದು ಭಾವಚಿತ್ರ ಬೇಕಿತ್ತು. ಉಸ್ತಾದರಿಗೆ ಎಂಬತ್ತರ ಹತ್ತಿರ. ಪೇಟೆಯ ಸುತ್ತಮುತ್ತಲ ಗರಡಿಗಳೆಂದರೆ ನಮ್ಮಲ್ಲಿ ಅನೇಕರಿಗೆ ಕರಗದ ವೀರಕುಮಾರರು ನೆನಪಾಗುತ್ತಾರೆ. ವರ್ಷದ ಮಿಕ್ಕ ದಿನಗಳಲ್ಲಿ ಅಲ್ಲಿ ಏನು ನಡೆಯುತ್ತದೆಂದು ನಮಗೆ ತಿಳಿಯದು. ಬಾಗಿಲು ಕಿರಿದು, ಬಗ್ಗಿಯೇ ಒಳಗೆ ಹೋಗಬೇಕು. ಗೋಡೆಯಲ್ಲಿ ಆಂಜನೇಯ. ನಡುವೆ ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣು. ಮೇಲಿನ ಕಿಂಡಿಯಿಂದ ಬಂದ ಬಿಸಿಲು ಮಣ್ಣಿನ ಮೇಲೆ ಬಿದ್ದು ಪುಟಿದು ಮುಖಕ್ಕೆ ಕೆಳಗಿನಿಂದ ಹತ್ತುತ್ತದೆ. ತಂದಿದ್ದ ದೀಪಗಳನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ.

ಉಸ್ತಾದರು ಬಿಳಿ ಜುಬ್ಬ ಹಾಕಿ, ಜರಿ ಪೇಟ ಸುತ್ತಿಕೊಂಡು ಬಂದರು. ಪೇಟ ಕಿವಿಯನ್ನು ಪೂರ್ತಿ ಮುಚ್ಚಿತ್ತು. ಕುಸ್ತಿ ಆಡಿದವರ ಕಿವಿಯನ್ನು ನೋಡಿದವರಿಗೆ ಗೊತ್ತು: ಹಿಡಿತದಲ್ಲಿ ಉಜ್ಜಿ ಉಜ್ಜಿ, ರಕ್ತ ಗಟ್ಟಿಯಾಗಿ, ಅದು ಮುದುರಿದ ಎಲೆಯಂತಾಗಿರುತ್ತದೆ. ಪೇಟ ತೆಗೆಯುವಿರಾ ಎಂದು ಕೇಳಿದೆ. “ಕಿವಿ ಕಾಣಲಿ ಅಂತೀರಾ?” ಎಂದು ಆಶ್ಚರ್ಯಪಟ್ಟರು. “ಮದುವೆ ಫೋಟೊದಾಗೆ ಹೆಣ್ಣಿನ ಕಡೆಯವರು ಕಾಣಬಾರದು ಅಂತ ಪೇಟ ಕೆಳಗೆ ಎಳೆದು ಕಟ್ಟಿದ್ರು. ಆವತ್ತಿಂದ ಇದೇ ಅಭ್ಯಾಸ ಆಗ್ಬಿಟ್ಟಿದೆ.” ಸ್ವಲ್ಪ ಯೋಚಿಸಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ಆಡುತ್ತಿದ್ದ ದಿನಗಳ ಚಿತ್ರವೇನಾದರೂ ಇದೆಯೇ ಎಂದು ನಾನು ಕೇಳಬೇಕಾದದ್ದು ವೃತ್ತಿಧರ್ಮ. ಬ್ಯಾನರಿನ ಮೂಲೆಯಲ್ಲಿ ಹಾಕಬಹುದು. ಇತ್ತಂತೆ. ದಸರಾ ಕುಸ್ತಿಗೆ ಮೈಸೂರಿಗೆ ಹೋಗಿ ಗೆದ್ದು ಬಂದ ವರ್ಷ, ಪೇಟೆಯ ಸ್ಟುಡಿಯೊ ಒಂದರಲ್ಲಿ ಹೆಗಲ ಮೇಲೆ ಗದೆ ಹೊತ್ತು ತೆಗೆಸಿದ್ದು. ಗೋಡೆಯಲ್ಲಿದ್ದ ಪ್ರತಿಗೆ ಗೆದ್ದಲು ಹತ್ತಿತು. ಇನ್ನೊಂದು ಪ್ರತಿ ಹಾಕಿಸೋಣವೆಂದು ಹೋದಾಗ ಸ್ಟುಡಿಯೊ ಮೊಮ್ಮಕ್ಕಳ ಕೈಗೆ ಬಂದಿತ್ತು. ಹಳೆಯ ನೆಗೆಟಿವ್‌ಗಳನ್ನೆಲ್ಲ ತೂಕದ ಲೆಕ್ಕದಲ್ಲಿ ಮಾರಿಬಿಟ್ಟಿದ್ದರು. ಕಪ್ಪು ಬಿಳುಪಿನ ನೆಗೆಟಿವ್‌ನಲ್ಲಿ ಚಿತ್ರವಾಗಿ ನಿಲ್ಲುವುದು ಬೆಳ್ಳಿಯೇ. ಅದನ್ನು ಬೇರ್ಪಡಿಸಿ ತೆಗೆಯುವ ಕಸುಬಿನವರು ಇರುತ್ತಾರೆ.

“ನನ್ನನ್ನ ಕರಗಿಸಿ ಬೆಳ್ಳಿ ತೆಗೆದ್ರಂತೆ” ಎಂದು ಉಸ್ತಾದರು ನಕ್ಕರು. “ಎಷ್ಟು ಬಂತೋ ಕೇಳಲಿಲ್ಲ.”

ನಾನು ನಗಲಿಲ್ಲ. ಆ ಸ್ಟುಡಿಯೊದವರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಳ್ಳೆಯ ಚಿತ್ರ ಬಂತು ಎನ್ನಬೇಕು: ಕೆಂಪು ಬೆಳಕು, ಬೋಳುತಲೆ, ಮಡಿಲಲ್ಲಿ ಪೇಟ, ಎರಡು ಮುದುರಿದ ಕಿವಿ. ಅವರು ಕುಸ್ತಿ ಆಡಿದ್ದಕ್ಕೆ ಉಳಿದಿರುವ ದಾಖಲೆ ಆ ಕಿವಿಗಳು ಮಾತ್ರ. ಐವತ್ತು ವರ್ಷ ತಡವಾಗಿ ತೆಗೆದ ಕ್ರೀಡಾಚಿತ್ರ ಅದು ಎಂದು ನಾನು ಅಂದುಕೊಂಡೆ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಫೋನ್ ಬಂತು.

ಪರಿಚಯವಿಲ್ಲದ ನಂಬರು. “ಸಾರ್, ನಮಸ್ಕಾರ. ಕೋಚ್ ನಿಮ್ಮ ನಂಬರ್ ಕೊಟ್ರು. ಹೋದ ಹದಿನೈದು ದಿನದ ಕೆಳಗೆ ಬಸವನಗುಡಿ ಮ್ಯಾಚಲ್ಲಿ ನೀವು ದೊಡ್ಡ ಕ್ಯಾಮೆರಾ ಇಟ್ಕೊಂಡು ಕೂತಿದ್ರಂತೆ. ನಮ್ ಹುಡುಗ ಐದು ವಿಕೆಟ್ ತೆಗೆದ ಸಾರ್. ನೀವು ಅವನ ಕಡೇನೇ ತಿರುಗಿಸಿ ತೆಗೀತಿದ್ರಿ ಅಂತ ಹೇಳ್ದ. ಒಂದೇ ಒಂದು ಫೋಟೊ ಸಾಕು. ದುಡ್ಡು ಕೊಡ್ತೀನಿ.”

ಹುಡುಗ ನೋಡಿದ್ದ! ಅರ್ಧ ಗಂಟೆ ಬೌಲ್ ಮಾಡುತ್ತ, ಟೋಪಿ ಸರಿಮಾಡಿಕೊಳ್ಳುತ್ತ, ಬೌಂಡರಿಯಾಚೆಯ ಆ ಕಪ್ಪು ಲೆನ್ಸು ತನ್ನ ಕಡೆಗೇ ತಿರುಗಿದೆ ಎಂಬುದನ್ನು ಗಮನಿಸಿ, ಮನೆಗೆ ಹೋಗಿ ಹೇಳಿ, ಎರಡು ವಾರ ಕಾದಿದ್ದ. ನೋಡುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಸ್ಟುಡಿಯೊ ಮೊಮ್ಮಕ್ಕಳ ಮೇಲೆ ಬಂದಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಅವರು ಬೆಳ್ಳಿಯ ಆಸೆಗಾದರೂ ಮಾರಿದ್ದರು. ನಾನು ಅಳಿಸಿದ್ದು ಸುಮಾರು 30 ಜಿಬಿ ಜಾಗಕ್ಕಾಗಿ. ಅಂಥ ಮೂವತ್ತು ಪಂದ್ಯಗಳನ್ನು ಹಿಡಿಸುವ ಹಾರ್ಡ್‌ಡಿಸ್ಕಿನ ಬೆಲೆ ನನ್ನ ಒಂದು ದಿನದ ಸಂಪಾದನೆಗಿಂತ ಹೆಚ್ಚಲ್ಲ.

ಅಳಿಸಿದ ಚಿತ್ರಗಳನ್ನು ಮರಳಿ ತೆಗೆಯುವ ಸಾಫ್ಟ್‌ವೇರುಗಳಿವೆ ಎಂದು ಬಲ್ಲ ಓದುಗರು ಹೇಳುವರು. ಆ ರಾತ್ರಿ ಪ್ರಯತ್ನಿಸಿದೆ. ಆ ಕಾರ್ಡಿನ ಮೇಲೆ ಆಗಲೇ ಮಲ್ಲೇಶ್ವರ, ಚಾಮರಾಜಪೇಟೆ, ನಡುವೆ ಒಂದು ನಾಮಕರಣ ಎಲ್ಲವೂ ಕೂತಿದ್ದವು. ನಾಲ್ಕು ಗಂಟೆ ಹುಡುಕಿದ ಮೇಲೆ ಏಳು ತುಣುಕು ಸಿಕ್ಕವು: ಒಂದರಲ್ಲಿ ಮೇಲಿನ ಕಾಲುಭಾಗ ಬಸವನಗುಡಿಯ ಆಕಾಶ, ಕೆಳಗೆಲ್ಲ ಬೂದುಬಣ್ಣ, ಇನ್ನೊಂದರಲ್ಲಿ ಸೈಟ್ ಸ್ಕ್ರೀನಿನ ಮೂಲೆ. ಟೋಪಿಯನ್ನು ಕಂಕುಳಲ್ಲಿಟ್ಟು ನಿಂತ ಹುಡುಗ ಎಲ್ಲೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆಂದು ತೆರೆದು ನೋಡಿದ್ದೂ ಅದೇ ರಾತ್ರಿ. ತಪ್ಪು ಮಾಡಿದವನು ಕಾನೂನಿನ ಪುಸ್ತಕ ತೆರೆಯುವುದು ಹೊಸತಲ್ಲವಷ್ಟೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರದ ಮೊದಲ ಒಡೆಯರು, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರೇ. ಆದ್ದರಿಂದ ಆ ನಲವತ್ತು ಚಿತ್ರಗಳು ಓಪನರ್ ಹುಡುಗನ ತಂದೆಯವು. ಆದರೆ ಸ್ಪಿನ್ನರನನ್ನು ತೆಗೆಯಿರೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೇ ಹೇಳಿದ್ದರು. ಅವು ನನ್ನವೇ ಎಂದು ವಾದಿಸಬಹುದಿತ್ತು. 2012ರ ತಿದ್ದುಪಡಿಯ ನಂತರ ಛಾಯಾಚಿತ್ರಕ್ಕೂ ಇತರ ಕೃತಿಗಳಂತೆ ಅದನ್ನು ತೆಗೆದವನ ಜೀವಿತಾವಧಿ, ಅದರ ಮೇಲೆ 60 ವರ್ಷ ರಕ್ಷಣೆ ಸಿಕ್ಕಿದೆ. ನಾನು ಸತ್ತು 60 ವರ್ಷದವರೆಗೆ ಕಾಯಿದೆ ಕಾಪಾಡಲು ಸಿದ್ಧವಿದ್ದ ವಸ್ತುವನ್ನು ನಾನು ನಾಲ್ಕು ದಿನವೂ ಇಟ್ಟುಕೊಂಡಿರಲಿಲ್ಲ.

ನಲವತ್ತನ್ನು ಇನ್ನೊಮ್ಮೆ ತಿರುವಿದೆ. ಹದಿನೇಳನೆಯ ಚಿತ್ರ, ಲಾಂಗ್ ಆಫ್‌ನಿಂದ ತೆಗೆದದ್ದು. ಓಪನರ್ ಮುಂದೆ ಬಂದು ತಡೆಯುತ್ತಿದ್ದಾನೆ, ಕೆತ್ತಿದಂತೆ ಸ್ಪಷ್ಟ. ಎಡ ಅಂಚಿನಲ್ಲಿ, ಚೆಂಡು ಬಿಟ್ಟು ಮುನ್ನುಗ್ಗಿದ ಬೌಲರ್‌ನ ಬೆನ್ನು ಮತ್ತು ಎಡಗೈ, ಅರೆಮಸುಕು. ಟೋಪಿಯ ಹಿಂಭಾಗ ಕಾಣುತ್ತದೆ, ಮುಖವಿಲ್ಲ. ಎರಡೂ ಹುಡುಗರ ನಡುವೆ ಚೆಂಡು ಗಾಳಿಯಲ್ಲಿದೆ.

ಮರುದಿನ ಓಪನರ್‌ನ ತಂದೆಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಒಂದು ಕ್ಷಣವೂ ತಡೆಯದೆ, “ಕೊಡಿ ಸಾರ್, ಅದರಲ್ಲೇನಿದೆ” ಎಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಆ ಹುಡುಗ ಅವತ್ತು ಚೆನ್ನಾಗಿ ಹಾಕ್ದ ಅಲ್ವಾ?” ಎಂದು ಕೇಳಿದರು. ಹೌದೆಂದೆ. “ಅವನ ಬೇರೆ ಫೋಟೊ ಇಲ್ವಾ ನಿಮ್ಮ ಹತ್ರ?” ಎಂದರು. ಅವರಿಗೂ ಅದೇ ಉತ್ತರ ಕೊಡಬೇಕಾಯಿತು.

ಹತ್ತು ಇಂಚು ಉದ್ದ, ಎಂಟು ಇಂಚು ಅಗಲದ ಪ್ರತಿಯೊಂದನ್ನು ಮಾಡಿಸಿಕೊಂಡು ಚಾಮರಾಜಪೇಟೆಗೆ ಹೋದೆ. ಬೌಲರ್‌ನ ತಂದೆ ಅಡ್ಡರಸ್ತೆಯ ತಿರುವಿನಲ್ಲಿ, ಹೊಂಗೆ ಮರದಡಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದರು. ಇದ್ದಿಲ ಪೆಟ್ಟಿಗೆಯಿಂದ ಸಣ್ಣಗೆ ಹೊಗೆ. ನಾನು ಯಾರೆಂದು ಹೇಳಿದ ಕೂಡಲೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಚಿತ್ರವನ್ನು ಅಂಚಿನಲ್ಲಿ ಹಿಡಿದು ತೆಗೆದುಕೊಂಡರು. ಬ್ಯಾಟ್ ಹಿಡಿದ ಹುಡುಗನನ್ನು ನೋಡಿದರು; ಇವನಲ್ಲವಲ್ಲ ಎಂಬಂತೆ ನನ್ನ ಮುಖ ನೋಡಿದರು. ನಾನು ಎಡ ಅಂಚನ್ನು ತೋರಿಸುವ ಮೊದಲೇ ಅವರ ಕಣ್ಣು ಅಲ್ಲಿಗೆ ಹೋಯಿತು.

“ಇವನೇ” ಎಂದರು. “ತೋಳಿನ ಮೇಲೆ ಗೆರೆ ನೋಡಿ ಸಾರ್. ಅದು ನಾನು ಹಾಕಿದ್ದು.”

ಮಸುಕಿನಲ್ಲೂ ಅದು ಕಾಣುತ್ತಿತ್ತು. ಭುಜದಿಂದ ಮೊಣಕೈವರೆಗೆ ಇಳಿದ ನೇರವಾದ ಒಂದು ಇಸ್ತ್ರಿ ಗೆರೆ. ನೂರು ಸಲ ಆ ಚಿತ್ರ ನೋಡಿದ್ದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಮುಖ ಇರೋದು ಇಲ್ವಾ ಸಾರ್?”

ಕಾರ್ಡ್ ಕೆಟ್ಟಿತು ಎನ್ನಬಹುದಿತ್ತು. ದಾರಿಯುದ್ದಕ್ಕೂ ಆ ಸುಳ್ಳನ್ನು ಸಿದ್ಧಮಾಡಿಕೊಂಡೇ ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ. “ಇತ್ತು. ತುಂಬ ಚೆನ್ನಾಗಿ ಬಂದಿತ್ತು. ನಾನೇ ಅಳಿಸಿಬಿಟ್ಟೆ.”

ಅವರು ಏನೂ ಹೇಳಲಿಲ್ಲ. ಚಿತ್ರವನ್ನು ಗಾಡಿಯ ಒಣ ಮೂಲೆಯಲ್ಲಿಟ್ಟು, ಅರ್ಧಕ್ಕೆ ನಿಂತಿದ್ದ ಅಂಗಿಯ ಕಡೆ ತಿರುಗಿದರು. ನೀರು ಚಿಮುಕಿಸಿದರು, ತೋಳು ಬಿಡಿಸಿದರು, ಪೆಟ್ಟಿಗೆ ಎಳೆದರು. ಎರಡು ತೋಳು ಮುಗಿಯುವವರೆಗೂ ನಾನು ನಿಂತೇ ಇದ್ದೆ. ಅಂಗಿಯನ್ನು ಮಡಿಸುತ್ತ, “ಮುಂದಿನ ಭಾನುವಾರ ಇನ್ನೊಂದು ಮ್ಯಾಚ್ ಇದೆ ಅಂದ. ಎಲ್ಲಿ ಅಂತ ಕೇಳಿ ಹೇಳ್ತೀನಿ” ಎಂದರು. ಬಂದೇ ಬರುತ್ತೇನೆ ಎಂದೆ. ಜೇಬಿನಿಂದ ನೂರರ ನೋಟು ತೆಗೆದರು. ಬೇಡವೆಂದೆ. “ಹಾಗಾದ್ರೆ ಬಟ್ಟೆ ತಂದುಕೊಡಿ” ಎಂದರು. ಅದಕ್ಕೆ ಒಪ್ಪಿದೆ.

ನಾನು ಸ್ಕೂಟರ್ ಏರುವಾಗ ತಿರುಗಿ ನೋಡಿದೆ. ಚಿತ್ರವನ್ನು ಹಳೆಯ ಪೇಪರಿನ ಎರಡು ಹಾಳೆಗಳ ನಡುವೆ ಇಟ್ಟು, ಸುರುಳಿಯಾಗದಂತೆ, ಇಸ್ತ್ರಿಯಾದ ಬಟ್ಟೆಗಳ ಗಂಟಿನ ಅಡಿಗೆ ಜಾರಿಸುತ್ತಿದ್ದರು.